ಸ್ವಂತ ಸರ್ವರ್

ಗಂಜಾಂ, ಶ್ರೀರಂಗಪಟ್ಟಣ
೨೬-೭-೨೦೨೫, ಶನಿವಾರ

ಧರ್ಮೇಂದ್ರ ಅವರಿಗೆ,

ಮೇಲೆ ಏನೆಂದು ಬರೆಯಬೇಕೋ ತಿಳಿಯದೆ ಬಹಳ ಹೊತ್ತು ಕೂತೆ. 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ ಕಾಗದ ಇಲ್ಲೇ ಪಕ್ಕದಲ್ಲಿದೆ. 'ಪೂಜ್ಯ' ಎಂದರೆ ನೀವೇ ನಕ್ಕುಬಿಡುತ್ತೀರಿ. ಒಂಬತ್ತು ವರ್ಷ ನಿಮ್ಮನ್ನು 'ರೀ' ಎಂದೇ ಕರೆದವಳು. ಅದನ್ನೇ ಬರೆದು ನೋಡಿದೆ, ಸಂತೆಯಲ್ಲಿ ಯಾರನ್ನೋ ಕೂಗಿದ ಹಾಗೆ ಕಂಡಿತು. ಕೊನೆಗೆ ಹೆಸರನ್ನೇ ಬರೆದೆ. ಹೆಂಡತಿ ಗಂಡನ ಹೆಸರು ಬಾಯಲ್ಲಿ ತರಬಾರದು ಎನ್ನುವ ಅತ್ತೆಗೆ ಈ ಮೊದಲ ಸಾಲನ್ನು ತೋರಿಸಬೇಡಿ.

ನಿಮ್ಮ ಕಾಗದ ಕೈಸೇರಿತು. ಮೊನ್ನೆ ಗುರುವಾರ ಭೀಮನ ಅಮಾವಾಸ್ಯೆ. ನಿಮ್ಮ ಸೋದರಮಾವ ಮರಿಸ್ವಾಮಿಯವರು ನಿಮಿಷಾಂಬನ ದರ್ಶನಕ್ಕೆಂದು ಬಂದವರು, ಕ್ಯೂನಲ್ಲಿ ಮೂರು ಗಂಟೆ ನಿಂತು ಬಳಲಿ, ನನ್ನ ಬಾಡಿಗೆ ಕೋಣೆಯನ್ನು ವಿಚಾರಿಸಿಕೊಂಡು ಬಂದರು. ಎರಡು ಲೋಟ ಮಜ್ಜಿಗೆ ಕುಡಿದ ಮೇಲೆ ಜೇಬಿನಿಂದ ಲಕೋಟೆ ತೆಗೆದು, "ಫೋನ್ ಎತ್ತಾಕಿಲ್ವಂತಲ್ಲವ್ವಾ ನೀನು, ಅದ್ಕೆ ಕೈಯಾರೆ ಬರ್ದವ್ನೆ. ನೀನೂ ಎಲ್ಡು ಗೆರೆ ಬರ್ದುಬುಡು" ಎಂದರು. ಹೆಂಗಸರೆಲ್ಲ ಗಂಡನ ಪಾದ ತೊಳೆದು ಕೈಗೆ ಕಂಕಣ ಕಟ್ಟಿಕೊಳ್ಳುವ ದಿನ ಅದು. ಅವತ್ತೇ ನನಗೆ ಸಿಗಲಿ ಎಂದು ಕಳಿಸಿದಿರೋ, ಮಾವ ಹೇಗೂ ಹೊರಟಿದ್ದಾರೆ ಎಂದು ಕಳಿಸಿದಿರೋ ಗೊತ್ತಿಲ್ಲ. ನಿಮ್ಮನ್ನು ಬಲ್ಲೆನಾದ್ದರಿಂದ ಎರಡನೆಯದೇ ಇರಬೇಕು.

ಐದು ತಿಂಗಳಾದ ಮೇಲೆ ಗಂಡ ಬರೆದ ಮೊದಲ ಕಾಗದ. ಬಾಗಿಲು ಹಾಕಿಕೊಂಡು ಓದಿದೆ. ಎರಡು ಪುಟದಲ್ಲಿ ಒಂದೂವರೆ ಪುಟ ಪ್ರೊಸೆಸರ್ ವಿಷಯ! ಆ ದೊಡ್ಡ ಕಂಪ್ಯೂಟರ್ ಸುಟ್ಟುಹೋಗಿದೆ, ಹೊಸದು ಕಟ್ಟಿಸಬೇಕು, ಪಾಂಡವಪುರದವನು ಈ ಸಲ ನಲವತ್ತು ಕೋರಿನ ಸರ್ವರ್ ಪ್ರೊಸೆಸರ್ ಕೊಡುತ್ತಾನಂತೆ, ಬೇಡವೆಂದರೆ ಅದೇ ದುಡ್ಡಿಗೆ ನಾಲ್ಕು ಕೋರಿನ ಮಾಮೂಲಿ ಹೊಸದು ಬರುತ್ತದಂತೆ, ಯಾವುದು ತಗೊಳ್ಳಲಿ ನೀನೇ ಹೇಳು. ಉಳಿದ ಅರ್ಧ ಪುಟದಲ್ಲಿ ಅತ್ತೆಯ ಮಂಡಿನೋವು, ಹೇಮಾವತಿಯ ನೀರು, ಕೊನೆಯಲ್ಲಿ ಮೂರೇ ಸಾಲು. ಅನು ವಿಷಯದಲ್ಲಿ ತಪ್ಪೆಲ್ಲ ನನ್ನದೇ. ಶ್ರಾವಣದಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ. ತಯಾರಾಗಿರು.

ಆಷಾಢಕ್ಕೆ ತವರಿಗೆ ಬಂದ ಹೊಸ ಮದುವಣಗಿತ್ತಿಯನ್ನು ಕರೆದೊಯ್ಯುವ ಹಾಗೆ ಬರೆದಿದ್ದೀರಿ. ನಾನು ಆಷಾಢಕ್ಕೆ ಬಂದವಳಲ್ಲ, ತವರಿಗೂ ಬಂದವಳಲ್ಲ. ಅಕ್ಕಿಹೆಬ್ಬಾಳಿಗೆ ಹೋಗಿದ್ದರೆ ಅಮ್ಮ ಎಂಟೇ ದಿನಕ್ಕೆ ಮಡಿಲು ತುಂಬಿಸಿ ಕೆ.ಆರ್. ಪೇಟೆ ಬಸ್ಸು ಹತ್ತಿಸುತ್ತಿದ್ದಳು. ಅದಕ್ಕೇ ಇಲ್ಲಿಗೆ ಬಂದು ಫೋಟೋ ಆಲ್ಬಂ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಬೆಳಗ್ಗೆಯಿಂದ ಸಂಜೆಯವರೆಗೆ ಯಾರ‍್ಯಾರದೋ ಮದುವೆಯ ಗಂಡು ಹೆಣ್ಣನ್ನು ಒಂದೇ ಪುಟದಲ್ಲಿ ಕೂರಿಸುತ್ತೇನೆ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ ಬರೆದುಬಿಡುತ್ತೇನೆ, ನೀವು ಹುಡುಕುವುದು ಅದನ್ನೇ. ನಾಲ್ಕು ಕೋರಿನದು ತಗೊಳ್ಳಿ. ಇಲ್ಲಿ ನನ್ನ ಮೇಜಿನ ಕೆಳಗೆ ಇರುವುದೂ ಅದೇ. ಅಲ್ಲಿದೆ ಎನ್ನುವುದೇ ಮರೆತುಹೋಗುವಷ್ಟು ಸದ್ದಿಲ್ಲದೆ ಓಡುತ್ತದೆ, ಕರೆಂಟು ಹೋದರೆ ಸಣ್ಣ ಯುಪಿಎಸ್ ಮೇಲೆ ಮುಕ್ಕಾಲು ಗಂಟೆ ತಡೆಯುತ್ತದೆ, ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಎದ್ದು ಕೂತಿರುತ್ತದೆ. ಇದನ್ನೆಲ್ಲ ಹೋದ ವರ್ಷ ಯುಗಾದಿಗೆ ಮೊದಲೇ ಹೇಳಿದ್ದೆ.

ನೆನಪಿದೆಯೇ ಪಾಂಡವಪುರದ ಆ ಅಂಗಡಿ? ಮೂರು ಕಾಲಿನ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಅವನು ಗಾಜಿನ ಪೆಟ್ಟಿಗೆಯಿಂದ ಅಂಗೈಯಗಲದ ಒಂದು ಬಿಲ್ಲೆ ತೆಗೆದ. "ಇಪ್ಪತ್ತೆರಡು ಕೋರು ಸಾರ್. ದೊಡ್ ದೊಡ್ ಕಂಪನೀಲಿ ಓಡಿರೋ ಮಾಲು. ಸರ್ವರ್ ಪ್ರೊಸೆಸರ್" ಎಂದ. ಸರ್ವರ್ ಎನ್ನುವ ಮಾತು ಕಿವಿಗೆ ಬಿದ್ದದ್ದೇ ನಿಮ್ಮ ಮುಖ ಅರಳಿತು. ಅದು ಹಳೆಯ ಮಾಲು, ಯಾರೋ ಬಳಸಿ ಬಿಚ್ಚಿ ಮಾರಿದ್ದು, ಅದಕ್ಕೇ ಹೊಸ ಸಣ್ಣದರ ಬೆಲೆಗೆ ಬರುತ್ತಿದೆ ಎಂದು ನಾನು ಪಿಸುಗುಟ್ಟಿದೆ. ಕೇಳಿಸದಿದ್ದಾಗ ಗಟ್ಟಿಯಾಗಿಯೇ ಹೇಳಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಮಳಿಗೆಯಲ್ಲಿ ನಾವು ನಡೆಸುವುದು ಒಂದು ಆನ್‌ಲೈನ್ ಸೆಂಟರ್. ಪಹಣಿ, ಜಾತಿ ಆದಾಯದ ಅರ್ಜಿ, ಬಿಡುವಾದಾಗ ನಾನು ಮಾಡುವ ಲಗ್ನಪತ್ರಿಕೆ. ಕೋರು ಎಂದರೆ ಒಳಗೆ ದುಡಿಯುವ ಕೈ ಇದ್ದ ಹಾಗೆ. ಒಂದು ಅರ್ಜಿ ಒಂದು ಕೈಯ ಕೆಲಸ, ಇಪ್ಪತ್ತೆರಡು ಜನ ಸೇರಿ ಒಂದೇ ಪೆನ್ನು ಹಿಡಿದರೆ ಬರಹ ಬೇಗ ಮುಗಿಯುವುದಿಲ್ಲ. ಇದರ ಒಂದೊಂದು ಕೋರೂ ಆ ಸಣ್ಣದರ ಕೋರಿಗಿಂತ ನಿಧಾನ. ಪರದೆಯ ಮೇಲೆ ಚಿತ್ರ ಬರಬೇಕೆಂದರೂ ಇದಕ್ಕೆ ಬೇರೆ ಕಾರ್ಡು ಬೇಕು. ಕರೆಂಟಂತೂ ಕುಡಿಯುತ್ತದೆ.

ನೀವು ಅವನ ಕಡೆ ತಿರುಗಿ, "ಇಪ್ಪತ್ತೆರಡು ದೊಡ್ದೋ, ನಾಕು ದೊಡ್ದೋ? ನಾಕ್ನೇ ಕ್ಲಾಸ್ ಐಕ್ಳನ್ನ ಕೇಳುದ್ರೂ ಯೋಳ್ತವೆ ಕಣ್ಲಾ" ಎಂದಿರಿ. ಅವನು ನಕ್ಕ, ನೀವು ನಕ್ಕಿರಿ. ಡಿಪ್ಲೊಮಾ ಮಾಡಿದವಳು ನಾನು, ಎರಡು ವರ್ಷ ಕಂಪ್ಯೂಟರ್ ಪಾಠ ಹೇಳಿದವಳು, ಸ್ಟೂಲಿನ ಮೇಲೆ ಕೂತು ನಾನೂ ನಕ್ಕೆ. ನೀವು ನಕ್ಕದ್ದಕ್ಕಿಂತ ನಾನು ನಕ್ಕದ್ದೇ ಇವತ್ತಿಗೂ ಚುಚ್ಚುತ್ತದೆ.

ಅದು ಅಂಗಡಿಗೆ ಬಂದ ದಿನವೇ ಗೊತ್ತಾಯಿತು. ಫ್ಯಾನು ಆಲೆಮನೆಯ ಇಂಜಿನ್ನಿನ ಹಾಗೆ ಬಡಿದುಕೊಳ್ಳುತ್ತಿತ್ತು, ಜನ ಹೆಸರನ್ನು ಕೂಗಿ ಹೇಳಬೇಕಾಯಿತು. ಪ್ರತಿ ಸಲ ಆನ್ ಮಾಡಿದಾಗಲೂ ಕಪ್ಪು ಪರದೆಯ ಮೇಲೆ ತನ್ನ ನೆನಪಿನ ಶಕ್ತಿಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತ ಎಂಟು ಹತ್ತು ನಿಮಿಷ ಕೂರುತ್ತಿತ್ತು. ಹಳೆಯ ಕಂಪ್ಯೂಟರನ್ನು ನಲವತ್ತು ನಿಮಿಷ ಓಡಿಸುತ್ತಿದ್ದ ಯುಪಿಎಸ್ ಇದನ್ನು ಏಳು ನಿಮಿಷಕ್ಕೆ ಕೈಬಿಟ್ಟಿತು. "ದೊಡ್ಡದು, ಏಳೋದು ವಸಿ ನಿಧಾನ" ಎಂದು ನೀವು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳಿದಿರಿ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಮಾಯಮ್ಮನವರಿಗೆ ಸರ್ವರ್ ಎಂದರೆ ಏನು ಎಂದು ಕಲಿಸಿದ್ದು ಪಡಿತರ ಕೊಡುವ ಸೊಸೈಟಿ. ಹೆಬ್ಬೆಟ್ಟು ಒತ್ತಲು ನಾಲ್ಕು ಸಲ ಹೋಗಿ ನಾಲ್ಕು ಸಲವೂ "ಸರ್ವರ್ ಇಲ್ಲ ಕಣಮ್ಮೋ, ನಾಳೆ ಬಾ" ಎನ್ನಿಸಿಕೊಂಡು ಬರಿ ಚೀಲ ಹಿಡಿದು ವಾಪಸು ಬಂದವರು. ನಮ್ಮ ಕಡೆಯವರಿಗೆಲ್ಲ ಅಷ್ಟೇ. ಕರೆಂಟು ಬಂತಾ ಎನ್ನುವ ಹಾಗೆ ಸರ್ವರ್ ಬಂತಾ ಎನ್ನುತ್ತಾರೆ. ಮಗ ಸರ್ವರ್ ತಂದಿದ್ದಾನೆ ಎಂದು ಕೇಳಿದ ಅತ್ತೆ ಅದಕ್ಕೆ ಕುಂಕುಮ ಇಟ್ಟು, ಕಾಯಿ ಒಡೆದು, ಬೀದಿಯಲ್ಲಿ ನಿಂತು, "ನನ್ ಮಗ ಸರ್ವರ್ನೇ ತಂದ್ಬುಟ್ಟವ್ನೆ. ಇನ್ ಯಾರೂ ನಾಳೆ ಬಾ ಅನ್ನಂಗಿಲ್ಲ" ಎಂದರು. ನೀವು ಪಕ್ಕದಲ್ಲೇ ನಿಂತಿದ್ದಿರಿ. ಇಲ್ಲ ಕಣವ್ವ, ಆ ಸರ್ವರ್ ಬೇರೆ, ಅದು ಎಲ್ಲೋ ದೂರದಲ್ಲಿದೆ, ಇದು ಬರಿ ಹೆಸರು ಎಂದು ಒಂದು ಮಾತು ಹೇಳಬಹುದಿತ್ತು. ಸುಮ್ಮನೆ ಮೀಸೆಯಡಿ ನಕ್ಕಿರಿ.

ಊಟಕ್ಕೆ ಕೂತಾಗ ನಾನು ಕೇಳಿದೆ. "ಜನಕ್ಕೆ ಏನ್ ಗೊತ್ತಾಯ್ತದೆ ಬುಡು. ನಂಬ್ಕಂಡ್ರೆ ನಮ್ಗೇ ಒಳ್ಳೇದು" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡಿರಿ. ಮಾರನೆಯ ದಿನ ಬೋರ್ಡು ಬೇಕು ಎಂದಿರಿ. ಕೆಂಪು ಹಲಗೆಯ ಮೇಲೆ ಹಳದಿ ಅಕ್ಷರ, 'ನಮ್ಮಲ್ಲಿ ಸ್ವಂತ ಸರ್ವರ್ ಇದೆ'. ಮಾಡಿಕೊಟ್ಟವಳು ನಾನೇ. ನಿಮ್ಮ ಸಾಲಿನ ಕೆಳಗೆ ಜಾಗ ಉಳಿದಿತ್ತು. 'ಲಾಸ್ಟ್ ಡೇಟ್ ಚಿಂತೆ ಬಿಡಿ' ಎಂದು ಎರಡನೆಯ ಸಾಲು ಸೇರಿಸಿದೆ. ನಿಮ್ಮನ್ನು ಅಣಕಿಸಲು ಮಾಡಿದ್ದು, ನೋಡಿ ನಾಚಿಕೊಳ್ಳುತ್ತೀರಿ ಎಂದುಕೊಂಡೆ. ನೀವು, "ಬಲೇ ಚೆನ್ನಾಗದೆ ಕಣೇ" ಎಂದು ಅವತ್ತೇ ಬಾಗಿಲ ಮೇಲೆ ಹೊಡೆಸಿದಿರಿ.

ಜನ ಬಂದರು. ಕಿಕ್ಕೇರಿ ಕಡೆಯವರು, ಬೂಕನಕೆರೆ ಕಡೆಯವರು, ಮೂರು ಅಂಗಡಿ ದಾಟಿಕೊಂಡು ನಮ್ಮಲ್ಲಿಗೇ ಬಂದರು. ಜಾಲತಾಣ ಸಲೀಸಾಗಿ ತೆರೆದ ದಿನ ಅದು ನಮ್ಮ ಸರ್ವರ್ ಮಹಿಮೆ, ತೆರೆಯದ ದಿನ ಎಲ್ಲರ ಕಡೆಯೂ ತೆರೆದಿಲ್ಲ ಎಂಬ ಸಮಾಧಾನ. ಜನಕ್ಕೆ ಹೇಳಿದ ಸುಳ್ಳನ್ನು ಮೂರು ತಿಂಗಳೊಳಗೆ ನೀವೇ ನಂಬಿದಿರಿ. ಒಂದು ದಿನ ನನಗೇ, "ನಮ್ ಸರ್ವರ್ನಾಗೆ ಬೇಗ ಓಯ್ತದೆ" ಎಂದು ಹೇಳಿದಾಗ ನಿಮ್ಮ ಮುಖ ನೋಡಿದೆ. ತಮಾಷೆಗೆ ಹೇಳಿದ ಲಕ್ಷಣ ಇರಲಿಲ್ಲ.

ಈಗ ಅನು ವಿಷಯ.

ನಾನು ಆ ಮನೆಗೆ ಬಂದಾಗ ನಿಮ್ಮ ತಂಗಿಗೆ ಒಂಬತ್ತು ವರ್ಷ. ತಂದೆಯ ಮುಖ ಅವಳಿಗೆ ಸರಿಯಾಗಿ ನೆನಪಿಲ್ಲ, ಅಣ್ಣನೇ ಎಲ್ಲ. ಜಡೆ ಹಾಕಿದವಳು ನಾನು, ಮಗ್ಗಿ ಹೇಳಿಕೊಟ್ಟವಳು ನಾನು. ಹೊಟ್ಟೆಯಲ್ಲಿ ಹುಟ್ಟಿದ್ದು ಇಲ್ಲದವಳಿಗೆ ಅವಳೇ ಸಾಕಾಗಿದ್ದಳು. ಕೊಟ್ಟಿಗೆಯ ಕೆಂದ ಹಸು ಕರು ಹಾಕಲಾರದೆ ಒದ್ದಾಡಿದಾಗ, ಡಾಕ್ಟರು ಬರುವವರೆಗೆ ಅದರ ಪಕ್ಕದಲ್ಲಿ ಕೂತು ಹೊಟ್ಟೆ ನೀವುತ್ತಿದ್ದ ಹುಡುಗಿ ಅವಳು. ಡಾಕ್ಟರು ಕರುವನ್ನು ತಿರುಗಿಸಿ ಎಳೆದದ್ದನ್ನು ಕಣ್ಣು ಮಿಟುಕಿಸದೆ ನೋಡಿ, "ಅತ್ಗೆ, ನಾನೂ ದನದ ಡಾಕ್ಟ್ರಾಯ್ತೀನಿ" ಎಂದಳು. ಅವತ್ತು ಅವಳಿಗೆ ಹನ್ನೆರಡು. ಆಮೇಲೆ ಆರು ವರ್ಷ ಬೇರೆ ಮಾತೇ ಆಡಲಿಲ್ಲ.

ರ‍್ಯಾಂಕು ಬಂತು. ಸೀಟು ಸಿಗುವಂಥ ರ‍್ಯಾಂಕೇ. ಉಳಿದಿದ್ದು ಒಂದೇ, ಯಾವ ಯಾವ ಕಾಲೇಜು ಬೇಕು ಎಂದು ಆನ್‌ಲೈನಿನಲ್ಲಿ ತುಂಬುವುದು. ಆಪ್ಷನ್ ಎಂಟ್ರಿ. ಅದನ್ನು ತುಂಬದಿದ್ದರೆ ರ‍್ಯಾಂಕು ಎಷ್ಟಿದ್ದರೂ ಗೋಡೆಗೆ ಅಂಟಿಸಿಕೊಳ್ಳಲಿಕ್ಕಷ್ಟೇ. ಅವಳ ಹತ್ತಿರ ಆಗ ಸ್ವಂತ ಫೋನಿರಲಿಲ್ಲ, ನೋಂದಣಿಗೆ ನನ್ನ ನಂಬರೇ ಕೊಟ್ಟಿದ್ದೆವು. ನಾಲ್ಕು ಕಾಲೇಜಿನ ಕೋಡುಗಳನ್ನು ನೋಟು ಪುಸ್ತಕದ ಹಾಳೆಯಲ್ಲಿ ಬರೆದು ಮೂರು ಸಲ ನನಗೆ ಓದಿ ಹೇಳಿದ್ದಳು. ಶುರುವಾದ ಮೊದಲ ದಿನವೇ ತುಂಬಿಬಿಡೋಣ ಎಂದು ನಾನು ನಿಮ್ಮ ಮುಂದೆ ಹಾಳೆ ಹಿಡಿದೆ.

"ಮನೇವ್ರು ಕೊನೇ ಪಂಕ್ತಿ ಕಣೇ" ಎಂದಿರಿ.

ಮದುವೆ ಮನೆಯ ಮಾತು ಅದು. ಬಂದವರೆಲ್ಲ ಉಂಡ ಮೇಲೆ ಬಡಿಸಿದ ಮನೆಯವರು ಎಲೆ ಹಾಕಿಕೊಳ್ಳಬೇಕು. ನಿಮ್ಮ ಅಪ್ಪ ಹಾಗೇ ಬದುಕಿದರಂತೆ, ನೀವೂ ಹಾಗೇ. ಊಟದಲ್ಲಿ ಅದು ದೊಡ್ಡ ಗುಣ, ನಾನೂ ಮೆಚ್ಚಿದ್ದೆ. ಸಾರು ಉಳಿಯದಿದ್ದರೆ ಮಜ್ಜಿಗೆಯಲ್ಲಿ ಕಲಸಿಕೊಂಡು ಏಳಬಹುದು. ಸೀಟಿಗೆ ಮಜ್ಜಿಗೆ ಎಲ್ಲಿಂದ ತರೋಣ? ನನ್ನ ಫೋನಿನಲ್ಲೇ ತುಂಬುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ. "ಸ್ವಂತ ಸರ್ವರ್ ಮಡಿಕಂಡು ಫೋನ್ನಾಗ್ ಮಾಡುದ್ರೆ ಜನ ಏನಂತಾರೆ? ಮೊದ್ಲು ಹೊರ್ಗಿನವ್ರದ್ದು ಮುಗೀಲಿ. ನಮ್ ಹುಡ್ಗೀದು ಕೊನೇಗೆ ತಂಪಾಗಿ ಮಾಡನ" ಎಂದಿರಿ. ಹೀಗೆ ಎಂಟು ದಿನ ಹೊರಗಿನವರು ಉಂಡರು.

ಕೊನೆಯ ದಿನ ಐದು ಗಂಟೆಯವರೆಗೆ ಸಮಯ. ಅನು ಬೆಳಗ್ಗೆ ಒಂಬತ್ತಕ್ಕೇ ಬಂದು ಜೆರಾಕ್ಸ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಫೈಲು ಹಿಡಿದು ಕೂತಳು. ಬೋರ್ಡು ನೋಡಿಕೊಂಡು ಕೊನೆಯ ದಿನದವರೆಗೆ ನೆಮ್ಮದಿಯಾಗಿದ್ದವರೆಲ್ಲ ಅವತ್ತೇ ಬಂದಿದ್ದರು. ನೀವು ಟೋಕನ್ ಕೊಟ್ಟಿರಿ. ಅವಳಿಗೆ ಟೋಕನ್ನೂ ಕೊಡಲಿಲ್ಲ, ಮನೆಯವಳಲ್ಲವೇ. ಹನ್ನೆರಡಕ್ಕೆ ಪರದೆಯ ಮೇಲೆ ಚಕ್ರ ತಿರುಗಲು ಶುರುವಾಯಿತು. ಒಂದು ಅರ್ಜಿಗೆ ಅರ್ಧ ಗಂಟೆ ಹಿಡಿಯಿತು. "ಸರ್ವರ್ ಬಂತಾ?" ಎಂದು ಜನ ಕೇಳಿದಾಗಲೆಲ್ಲ ನೀವು, "ನಮ್ದೇ ಸರ್ವರು, ಬತ್ತದೆ ಇರಿ" ಎನ್ನುತ್ತಿದ್ದಿರಿ. ಮೂರೂವರೆಗೆ ಕರೆಂಟು ಹೋಯಿತು. ಏಳು ನಿಮಿಷಕ್ಕೆ ನಿಮ್ಮ ಇಪ್ಪತ್ತೆರಡು ಕೋರುಗಳು ಒಟ್ಟಿಗೆ ಕಣ್ಣು ಮುಚ್ಚಿದವು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಬಂತು. ನೀವು ಗುಂಡಿ ಒತ್ತಿದಿರಿ. ಅದು ಕಪ್ಪು ಪರದೆ ಹಾಕಿಕೊಂಡು ತನ್ನ ಪರೀಕ್ಷೆ ಶುರುಮಾಡಿತು. ಅದೇ ಹೊತ್ತಿಗೆ ಜಾಲತಾಣ ತೆರೆದಿತ್ತು. ನಾಲ್ಕು ಎಂಟರಿಂದ ನಾಲ್ಕು ಹತ್ತೊಂಬತ್ತರವರೆಗೆ, ಹನ್ನೊಂದು ನಿಮಿಷ. ಪಕ್ಕದ ಅಂಗಡಿಯ ಹಳೆಯ ಪುಟ್ಟ ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತಲೇ ಇತ್ತು, ಆ ಹನ್ನೊಂದು ನಿಮಿಷದಲ್ಲಿ ಅವರು ಮೂವರು ಮಕ್ಕಳದ್ದು ಮುಗಿಸಿದರು. ನಮ್ಮದು ಎದ್ದು ನಿಂತಾಗ ನಾಲ್ಕು ಇಪ್ಪತ್ತು. ಆಮೇಲೆ ಆ ಪುಟ ಯಾರಿಗೂ ತೆರೆಯಲಿಲ್ಲ. ಐದಾಯಿತು.

ಆ ಹೊತ್ತಿನಲ್ಲಿ ಇಡೀ ಅಂಗಡಿ ನಿಮ್ಮ ಕಪ್ಪು ಪರದೆಯನ್ನೇ ನೋಡುತ್ತಿತ್ತು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಕೈಯಲ್ಲಿ ಫೋನಿತ್ತು. ನಿನ್ನ ಫೋನಿನಲ್ಲಿ ಸಿಗುತ್ತದಾ ನೋಡು ಎಂದು ನೀವು ಒಂದು ಸಲವಾದರೂ ನನ್ನ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಹೆಂಡತಿಯನ್ನು ಕೇಳುವುದಕ್ಕಿಂತ ಸುಮ್ಮನೆ ಬೆವರುವುದೇ ನಿಮಗೆ ವಾಸಿ ಎನಿಸಿತು. ಅದನ್ನು ನಾನು ಮರೆಯಲಾರೆ.

ಅನು ಅಳಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಫೈಲಿನೊಳಗಿಟ್ಟು, ಸಂಜೆ ಹಾಲು ಕರೆಯಲು ಹೊತ್ತಾಯಿತೆಂದು ಎದ್ದು ಹೋದಳು. ಮುಂದಿನ ಸುತ್ತಿಗಾದರೂ ಸೇರಿಸಿ ಎಂದು ನಾವು ಅಲೆದದ್ದು ನಿಮಗೇ ಗೊತ್ತು. ಮೊದಲು ತುಂಬದವರಿಗೆ ಅವಕಾಶವಿಲ್ಲ ಎಂದರು. ಇನ್ನೊಂದು ವರ್ಷ ಓದಿ ಮತ್ತೆ ಬರೆಯುತ್ತೇನೆ ಎಂದಳು. ಅಷ್ಟರಲ್ಲಿ ನಾಗಮಂಗಲದ ಕಡೆಯಿಂದ ಸಂಬಂಧ ಬಂತು. "ಸೀಟ್ ಸಿಕ್ನಿಲ್ಲ ಅಂದ್ರೆ ಇದೇ ಅವ್ಳ್ ಅಣೇಲಿ ಬರ್ದಿರೋದು ಕನಾ" ಎಂದು ಅತ್ತೆ ಕಣ್ಣೊರೆಸಿಕೊಂಡರು. ನೀವು ತಲೆ ತಗ್ಗಿಸಿಕೊಂಡು ಒಪ್ಪಿದಿರಿ, ಮುಖ ತೋರಿಸಲಾರದವನಿಗೆ ತಂಗಿಯನ್ನು ಬೇಗ ಕಳಿಸಿಬಿಡುವುದೇ ಸುಲಭವಾಗಿತ್ತು. ಮಾಘದಲ್ಲಿ ಮದುವೆಯಾಯಿತು. ಆ ಮದುವೆಯಲ್ಲೂ ನೀವು ಕೊನೆಯ ಪಂಕ್ತಿಯಲ್ಲಿ ಉಂಡಿರಿ.

ಹುಡುಗ ಒಳ್ಳೆಯವನು, ದೂರಲು ಏನೂ ಇಲ್ಲ. ಮನೆ ತುಂಬ ಹಸು, ಹನ್ನೊಂದು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹೊತ್ತು ಡೇರಿಗೆ ಹಾಕುತ್ತಾಳೆ. ದನದ ಡಾಕ್ಟರು ಬಂದರೆ ಹಸು ಅಲುಗದ ಹಾಗೆ ಹಗ್ಗ ಹಿಡಿದುಕೊಳ್ಳುವುದು ಅವಳ ಕೆಲಸ. ಹೋದ ತಿಂಗಳು ಒಂದು ಹಸುವಿಗೆ ಏನಾಗಿದೆ ಎಂದು ಡಾಕ್ಟರಿಗಿಂತ ಮೊದಲೇ ಹೇಳಿದಳಂತೆ. "ಓದವ್ಳು ಕಣಪ್ಪ" ಎಂದು ಅವಳ ಮಾವನವರು ನಕ್ಕರಂತೆ. ಇದನ್ನು ಅವಳು ಫೋನಿನಲ್ಲಿ ನಗುನಗುತ್ತ ಹೇಳಿದಳು, ನಾನು ಇಲ್ಲಿ ಆಲ್ಬಮ್ಮಿನ ಪುಟ ಮುಂದೆ ಇಟ್ಟುಕೊಂಡು ಅತ್ತುಬಿಟ್ಟೆ.

ಗಂಡನ ಮನೆಗೆ ಹೊರಡುವ ದಿನ ಕಾರು ಹತ್ತುವ ಮೊದಲು ಅವಳು ನನ್ನನ್ನು ತಬ್ಬಿಕೊಂಡು ಹೇಳಿದ್ದು ನಿಮಗ್ಯಾರಿಗೂ ಕೇಳಿಸಲಿಲ್ಲ. "ಎಲ್ರೂ ಅಣ್ಣನ್ ಮಾತಿಗೆ ತಲೆ ಆಡಿಸ್ಕಂಡಿದ್ರು ಅತ್ಗೆ. ನೀವೊಬ್ರೇ ನನ್ ಪರ ಇದ್ದಿದ್ದು" ಎಂದಳು. ಅದಾಗಿ ನಾಲ್ಕನೆಯ ದಿನ ನಾನು ಮನೆ ಬಿಟ್ಟೆ. ನಿಮ್ಮ ಮೇಲಿನ ಸಿಟ್ಟಿಗೆ ಹೋದಳು ಎಂದು ಎಲ್ಲರೂ ಅಂದುಕೊಂಡಿದ್ದೀರಿ. ಅಂದುಕೊಳ್ಳಿ, ಸಿಟ್ಟು ಇದ್ದದ್ದು ನಿಜ.

ಈಗ ಒಂದೂವರೆ ಪುಟ ಬರೆದು ಮತ್ತೆ ಅದೇ ಪಾಂಡವಪುರದವನ ಹೆಸರು ಹೇಳುತ್ತೀರಿ. ನಲವತ್ತು ಕೋರು ಎಂದು ಬರೆದು ಅದರ ಕೆಳಗೆ ಗೆರೆ ಬೇರೆ ಎಳೆದಿದ್ದೀರಿ! ಆ ಗೆರೆ ನೋಡಿ ಕಾಗದ ಹರಿಯಬೇಕೆನಿಸಿತು. ಅಲ್ಲಿ ನಿಂತು ಅಷ್ಟೆಲ್ಲ ಕಂಡವರಿಗೆ ದೊಡ್ಡ ಸಂಖ್ಯೆ ಕಂಡರೆ ಇನ್ನೂ ಆಸೆ ಹುಟ್ಟುತ್ತದೆಯೇ? ಸಣ್ಣದನ್ನೇ ತಗೊಳ್ಳಿ. ತಗೊಂಡ ದಿನವೇ ಆ ಬೋರ್ಡು ಇಳಿಸಿ. ನಿಮಗೆ ಕೈ ಬಾರದಿದ್ದರೆ ಎರಡನೆಯ ಸಾಲನ್ನಾದರೂ ಬಳಿದುಹಾಕಿ, ಅದು ನನ್ನದು.

ನನ್ನನ್ನು ಕರೆಯಲು ಬರುವ ಮಾತು ಬೇಡ. ತಪ್ಪೆಲ್ಲ ನಿಮ್ಮದೇ ಎಂದು ಬರೆದಿದ್ದೀರಿ, ಹೌದು, ನಿಮ್ಮದೇ. ಇಷ್ಟು ಉದ್ದ ಬರೆದದ್ದೂ ಅದನ್ನೇ. ಅತ್ತೆಯ ಮಂಡಿಗೆ ಉಪ್ಪಿನ ಶಾಖ ಕೊಡಿ, ಬೇಳೆ ಕಡಿಮೆ ಮಾಡಿಸಿ. ಮರಿಸ್ವಾಮಿ ಮಾವ ಮುಂದಿನ ವಾರ ಮತ್ತೆ ಈ ಕಡೆ ಬರುತ್ತಾರಂತೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತೇನೆ.

ಒಂಬತ್ತು ವರ್ಷ ನಿಮ್ಮ ಮನೆಯವಳಾಗಿದ್ದ,
ಯಶೋಧರಾ

ತಾ.ಕ.: ಮೇಲಿನದನ್ನು ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದು ತೆಗೆದಿದ್ದೇನೆ. 'ತಪ್ಪೆಲ್ಲ ನನ್ನದೇ' ಎಂಬ ನಿಮ್ಮ ಸಾಲನ್ನು ಹಾಗೇ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಆ ಹನ್ನೊಂದು ನಿಮಿಷದ ಲೆಕ್ಕ ನನಗೆ ಪಕ್ಕದ ಅಂಗಡಿಯವರು ಹೇಳಿದ್ದಲ್ಲ. ನನ್ನ ಫೋನಿನಲ್ಲಿ ಆ ಪುಟ ತೆರೆದಿತ್ತು. ಅನುವಿನ ಅರ್ಜಿ ನಂಬರು, ಗುಪ್ತಪದ ಎರಡೂ ನನ್ನ ಹತ್ತಿರವೇ ಇದ್ದವು. ಓಟಿಪಿ ಕೂಡ ಬಂತು, ಆ ಮೆಸೇಜು ಇವತ್ತಿಗೂ ಫೋನಿನಲ್ಲಿದೆ, ನಾಲ್ಕು ಗಂಟೆ ಒಂಬತ್ತು ನಿಮಿಷ. ನಾಲ್ಕು ಕೋಡು ತುಂಬಿ ಕೊನೆಯ ಗುಂಡಿ ಒತ್ತಲು ಐದು ನಿಮಿಷ ಸಾಕಿತ್ತು. ತಲೆಯೆತ್ತಿ ನಿಮ್ಮನ್ನು ನೋಡಿದೆ. ಜನ ಬೈಯುತ್ತಿದ್ದರು, ನಿಮ್ಮ ಹಣೆಯಿಂದ ಬೆವರು ಇಳಿಯುತ್ತಿತ್ತು, ಕಪ್ಪು ಪರದೆ ಕದಲುತ್ತಿರಲಿಲ್ಲ. ಪಾಂಡವಪುರದ ಸ್ಟೂಲು ನೆನಪಾಯಿತು. ಇನ್ನು ಸ್ವಲ್ಪ ಹೊತ್ತು ಹೀಗೇ ನಿಲ್ಲಲಿ, ಆಮೇಲೆ ಎಲ್ಲರ ಮುಂದೆ ನನ್ನ ಪುಟ್ಟ ಫೋನಿನಲ್ಲಿ ಮಾಡಿ ತೋರಿಸುತ್ತೇನೆ ಎಂದುಕೊಂಡೆ. ಐದು ಗಂಟೆಯವರೆಗೆ ಸಮಯವಿದೆ ಎಂದುಕೊಂಡೆ. ನಿಮ್ಮನ್ನೇ ನೋಡುತ್ತಿದ್ದೆ, ಅನು ಕಡೆ ಒಂದು ಸಲವೂ ನೋಡಲಿಲ್ಲ. ನೋಡಿ ಮುಗಿಸಿ ಫೋನಿಗೆ ಕಣ್ಣು ತಂದಾಗ ಚಕ್ರ ತಿರುಗುತ್ತಿತ್ತು.

ಅವಳಿಗೆ ಇದು ಗೊತ್ತಿಲ್ಲ. ಪ್ರತಿ ಭಾನುವಾರ ಹಾಲು ಹಾಕಿ ಬಂದ ಮೇಲೆ ಫೋನ್ ಮಾಡುತ್ತಾಳೆ, ನಾಳೆಯೂ ಮಾಡುತ್ತಾಳೆ. ಐದು ತಿಂಗಳಿಂದ ಪ್ರತಿ ವಾರವೂ ಹೇಳಬೇಕೆಂದು ಬಾಯಿ ತೆರೆದು ಹಸುಗಳನ್ನು ವಿಚಾರಿಸಿಕೊಂಡು ಇಟ್ಟುಬಿಟ್ಟಿದ್ದೇನೆ. ಇದನ್ನು ಓದಿದ ಮೇಲೂ ನನ್ನನ್ನು ಕರೆಯಲು ಬರುವ ಮನಸ್ಸು ಉಳಿದರೆ ನೆಟ್ಟಗೆ ಇಲ್ಲಿಗೆ ಬರಬೇಡಿ. ಮೊದಲು ನಾಗಮಂಗಲಕ್ಕೆ ಹೋಗಿ ಈ ಕಾಗದವನ್ನು ಅವಳ ಕೈಗೆ ಕೊಡಿ. ಹೋಗಿ ಅತ್ಗೇನ ಕರ್ಕಂಡ್ ಬಾ ಅಣ್ಣ ಎಂದು ಅವಳ ಬಾಯಿಂದ ಬಂದರೆ ಮಾತ್ರ ಶ್ರೀರಂಗಪಟ್ಟಣದ ಬಸ್ಸು ಹತ್ತಿ.